ಹುಂಜ ನಡೆಯುವ ತನಕ

ನಮ್ಮ ಊರಲ್ಲಿ ಮೂಳೆ ಮುರಿದುಕೊಂಡವರೆಲ್ಲ ನೇಂದೋ ಅಜ್ಜನ ಬೈಗುಳ ತಿಂದೇ ವಾಸಿಯಾದವರು. ನನ್ನ ಎಡಗೈ ಕೂರಿಸಿದ್ದೂ ಅವನೇ. ಬೆರಳಲ್ಲೇ ಒತ್ತಿ ಮುರಿತ ಹುಡುಕುತ್ತಾನೆ, ಶಿಯಾ ಮರದ ಬೀಜದಿಂದ ತೆಗೆದ ಬೆಣ್ಣೆ ಸವರಿ ಜೋಳದ ದಂಟು ಕಟ್ಟುತ್ತಾನೆ, ಬೆರಳು ತಣ್ಣಗಾದರೆ ಕಟ್ಟು ಸಡಿಲಿಸುತ್ತಾನೆ. ಚರ್ಮ ಹರಿದು ಮೂಳೆ ಕಂಡರೆ ಮಾತ್ರ ಮುಟ್ಟದೆ ತಮಾಲೆ ಪಟ್ಟಣದ ಆಸ್ಪತ್ರೆಗೆ ಅಟ್ಟುತ್ತಾನೆ. ಉಳಿದವರಿಗೆಲ್ಲ ಹಿರಿಯರ ಕಾಲದ ಕಟ್ಟಳೆ: ಒಂದು ಕೋಳಿಯ ಕಾಲನ್ನೂ ಮುರಿದು ಕಟ್ಟಬೇಕು, ಅದು ನೆಟ್ಟಗೆ ನಡೆದ ದಿನವೇ ರೋಗಿಯ ಕಟ್ಟು ಬಿಚ್ಚಬೇಕು. ಅವಸರ ಮಾಡಿದವರಿಗೆ, "ಕೋಳಿಗಿರೋ ತಾಳ್ಮೆ ನಿಂಗಿಲ್ವಲ್ಲೋ" ಅನ್ನುತ್ತಿದ್ದ.

ಇಂಥವನು ಹೋದ ವರ್ಷ ಹುಲ್ಲು ಹೊದಿಸಲು ಸೂರು ಹತ್ತಿ, ಬಿದ್ದು, ಕಾಲು ಮುರಿದುಕೊಂಡ. ನಲವತ್ತು ವರ್ಷ ರೋಗಿಗಳನ್ನು ಅದುಮಿ ಹಿಡಿದು ಕೂತಿದ್ದ ಹೆಂಡತಿ ಮೆಮುನಾತು ಅಜ್ಜಿಯೇ ಅವನ ಕಾಲು ಕಟ್ಟಿದಳು. ಕಟ್ಟಳೆಯಂತೆ ಒಂದು ಎಳೆ ಕೆಂಪು ಹುಂಜದ ಕಾಲನ್ನೂ ಮುರಿದು ಕಟ್ಟಿ, ಬುಟ್ಟಿಯಡಿ ಮುಚ್ಚಿಟ್ಟಳು. ದಾಂಬಾ ಹಬ್ಬಕ್ಕೆ ಹನ್ನೆರಡೇ ದಿನ ಇತ್ತು. ಊರೊಡೆಯನ ಅಂಗಳದಲ್ಲಿ ಅಜ್ಜ ಕುಣಿಯದ ದಾಂಬಾವನ್ನು ನಾನಂತೂ ಕಂಡಿಲ್ಲ.

ಹತ್ತನೆಯ ದಿನ ಅಜ್ಜ ಕೂಗಿದ, "ಬಾರೇ ಇಲ್ಲಿ. ಹುಂಜ ಓಡಾಡ್ತಿದೆ, ಬಿಚ್ಚು ಕಟ್ಟು."

ಅಜ್ಜಿ ಬುಟ್ಟಿ ಎತ್ತಿದಳು. ಕೆಂಪು ಕೋಳಿಯೊಂದು ಠೀವಿಯಿಂದ ಹೊರಗೆ ಬಂತು. ಅದು ಕೂತಿದ್ದ ಜಾಗದಿಂದ ಅವಳು ಏನನ್ನೋ ಎತ್ತಿ ತೋರಿಸಿದಳು.

"ಎಷ್ಟು ಚೆನ್ನಾಗಿ ವಾಸಿಯಾಗಿದೆ ನೋಡ್ರೀ, ಹುಂಜ ಮೊಟ್ಟೆನೂ ಇಟ್ಟಿದೆ."

ಅಜ್ಜ ನನ್ನನ್ನು ದುರುಗುಟ್ಟಿ ನೋಡಿದ. ಅವನ ಮಾತು ಕೇಳಿ ಕೋಳಿ ಬದಲಿಸಿದವನು ನಾನೇ. ಬಣ್ಣ ಹೊಂದಿಸಿದ್ದೆ, ಬೇರೇನೂ ನೋಡಿರಲಿಲ್ಲ.

"ಒಂದು ಕುಣಿತಕ್ಕೋಸ್ಕರ ಜೀವನಪೂರ್ತಿ ಕುಂಟ್ತೀರಾ?" ಅಂದಳು ಅಜ್ಜಿ.

"ಕುಣಿತ ಅಲ್ಲ ಕಣೇ," ಅಜ್ಜನ ದನಿ ಇಳಿಯಿತು. "ನಾನು ಕುಣೀದಿದ್ದು ನೋಡಿ, ನನ್ ಕಾಲೇ ಕೂಡ್ಲಿಲ್ಲ ಅಂತ ಊರು ಅಂದ್ರೆ, ಆಮೇಲೆ ನನ್ ಹತ್ರ ಯಾರು ಬರ್ತಾರೆ? ಹೆದರಿಕೆ ಆಗ್ತಿದೆ."

ಅಜ್ಜಿ ನನ್ನ ಮನೆಗೆ ಬಂದು ನಾನು ಬಚ್ಚಿಟ್ಟಿದ್ದ ಕುಂಟು ಹುಂಜವನ್ನು ಎತ್ತಿಕೊಂಡು ಹೋದಳು.

ದಾಂಬಾ ಮುಗಿಯಿತು. ತಿಂಗಳು ತುಂಬುವ ಹೊತ್ತಿಗೆ ಹುಂಜ ನೆಟ್ಟಗೆ ನಡೆದು ಅಜ್ಜನ ಮಂಚದ ಕೆಳಗೆ ಕಾಳು ಹೆಕ್ಕಿತು. ಅಜ್ಜಿ ಕಟ್ಟು ಬಿಚ್ಚಿದಳು. ಕಾಲು ನೇರವಾಗಿ ಕೂಡಿತ್ತು. ಆದರೆ ಅಜ್ಜ ಮಾತ್ರ ಮಂಚದ ಅಂಚು ಹಿಡಿದು ಕೂತೇ ಇದ್ದ, ಕಾಲು ಊರಲೊಲ್ಲ.

"ಕೋಳಿಗಿರೋ ಧೈರ್ಯ ನಿಮಗಿಲ್ವಲ್ರೀ," ಅನ್ನುತ್ತ ಅಜ್ಜಿ ಕೈ ಚಾಚಿದಳು.

ಅಜ್ಜ ಆ ಕೈ ಹಿಡಿದು ಎದ್ದ. ಅಂಗಳದ ತನಕ ನೆಟ್ಟಗೇ ನಡೆದ, ಕೈ ಮಾತ್ರ ಬಿಡಲಿಲ್ಲ. ಅವಳೂ ಬಿಡಿಸಿಕೊಳ್ಳಲಿಲ್ಲ.