ಹೊಟ್ಟೆಗೆ ಕಟ್ಟಿಕೊಂಡು ತಂದ ಕೀವು

ಚಾಂದ ಪಾಶಾನ ಬಗ್ಗೆ ಬರೆಯಲು ಕೂತರೆ ಮೊದಲು ನನ್ನ ಕೆನ್ನೆಗೆ ನಾನೇ ಎರಡು ಬಾರಿಸಿಕೊಳ್ಳಬೇಕು ಅನಿಸುತ್ತದೆ. ಇರಲಿ, ಬರೆದೇ ಬಿಡುತ್ತೇನೆ.

ಬೀದರಿನಲ್ಲಿ ನಾನು ಕೆಲಸ ಮಾಡುವ ಲ್ಯಾಬಿಗೆ ಔರಾದ, ಭಾಲ್ಕಿಯ ಹಲ್ಲಿನ ದವಾಖಾನೆಗಳಿಂದ ಸ್ಯಾಂಪಲ್ ತರುವವನು ಅವನು. ವಯಸ್ಸು ಐವತ್ತರ ಹತ್ತಿರ. ಮೊದಲು ಕೊಳಾರದ ಕಾರ್ಖಾನೆಯಲ್ಲಿ ಪೆಟ್ಟಿಗೆ ಹೊರುತ್ತಿದ್ದ, ಸೊಂಟ ಹಿಡಿದ ಮೇಲೆ ನಮ್ಮಲ್ಲಿಗೆ ಬಂದ. ಸೋಮವಾರ ಔರಾದ, ಮಂಗಳವಾರ ಭಾಲ್ಕಿ, ಎಲ್ಲ ಬಸ್ಸಿನಲ್ಲೇ. ಕೈಚೀಲದ ಮೇಲೆ ಮಗಳಿಂದ ‘ಲ್ಯಾಬ್’ ಎಂದು ದಪ್ಪಕ್ಷರದಲ್ಲಿ ಬರೆಸಿಕೊಂಡಿದ್ದ. ಆ ಚೀಲ ಹೆಗಲಿಗೇರಿದರೆ ಅವನ ನಡಿಗೆಯೇ ಬೇರೆ.

ಹಲ್ಲಿನ ಬುಡದಲ್ಲಿ ಕಟ್ಟುವ ಕೀವಿನ ಕತೆಯೂ ಸ್ವಲ್ಪ ಗೊತ್ತಿರಬೇಕು. ಅದರೊಳಗಿನ ಎಷ್ಟೋ ರೋಗಾಣುಗಳು ಗಾಳಿ ತಾಗಿದರೆ ಸಾಯುತ್ತವೆ, ಥಂಡಿಯೂ ತಡೆಯುವುದಿಲ್ಲ. ಅದಕ್ಕೇ ಡಾಕ್ಟರು ಕೀವನ್ನು ಸೂಜಿಯಿಂದ ಎಳೆದು, ಸಿರಿಂಜಿನ ಗಾಳಿ ಹೊರಹಾಕಿ, ಅದರ ಬಾಯಿ ಮುಚ್ಚಿ ಕಳಿಸುತ್ತಾರೆ. ನಾವು ಬಂದ ಕೂಡಲೇ ಅದನ್ನು ರೋಗಾಣು ಬೆಳೆಸುವ, ರಕ್ತ ಬೆರೆಸಿದ ತಟ್ಟೆಗೆ ಹಚ್ಚಿ, ಆಮ್ಲಜನಕ ಹೀರುವ ಪೊಟ್ಟಣದ ಜೊತೆ ಜಾರಿನಲ್ಲಿ ಭದ್ರ ಮಾಡಬೇಕು. ತಟ್ಟೆಯಲ್ಲಿ ಏನು ಬೆಳೆಯಿತು ಎಂದು ಗುರುತಿಸಿದರೆ ಯಾವ ಔಷಧಿ ನಾಟುತ್ತದೆ ಎಂಬುದು ತಿಳಿಯುತ್ತದೆ.

ಥಂಡಿ ಆಗಬಾರದು ಎಂದು ಒಮ್ಮೆ ಹೇಳಿದ್ದೇ ಸಾಕಾಯಿತು ಚಾಂದ ಪಾಶಾನಿಗೆ. ಸಿರಿಂಜಿನ ಡಬ್ಬಿಯನ್ನು ರುಮಾಲಿನಲ್ಲಿ ಸುತ್ತಿ, ಬನಿಯನ್ನಿನೊಳಗೆ ಹೊಟ್ಟೆಗೆ ಕಟ್ಟಿಕೊಂಡು ತರುತ್ತಿದ್ದ. ನಾನು ಕಾಡಿಸುತ್ತಿದ್ದೆ.

“ಏನ್ ಚಾಂದಭಾಯಿ, ಎಷ್ಟು ತಿಂಗಳಾದುವು?”

“ದಿನ ತುಂಬ್ಯಾವ್ರಿ ಅಕ್ಕಾರ, ಲಗೂನ ಹೆರಿಗಿ ಮಾಡಿಸ್ರಿ.”

ಹೋದ ಡಿಸೆಂಬರಿನಲ್ಲಿ ಭಾಲ್ಕಿ ಹತ್ತಿರದ ಭಾತಂಬ್ರಾದ ಅಂಬೂಬಾಯಿ ಎಂಬವರ ಕೀವು ಬಂತು. ದವಡೆ ಬಾತು, ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ಎರಡು ಸಲ ಗುಳಿಗೆ ಬದಲಿಸಿದರೂ ಇಳಿದಿರಲಿಲ್ಲ. ಭಾಲ್ಕಿಯ ದಂತವೈದ್ಯ ಮಕರಂದ ಚೀಟಿಯಲ್ಲಿ ಕೆಂಪು ಶಾಯಿಯಿಂದ ‘ತಕ್ಷಣ ಹಚ್ಚಿ’ ಎಂದು ಬರೆದಿದ್ದರು. ಚಾಂದ ಪಾಶಾ ಮಧ್ಯಾಹ್ನ ಒಂದಕ್ಕೆಲ್ಲ ಡಬ್ಬಿಯನ್ನು ನನ್ನ ಕೈಗೆ ಕೊಟ್ಟ. ಇನ್ನೂ ಬೆಚ್ಚಗಿತ್ತು.

ಒಂದು ಹನಿ ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ನೋಡಿದೆ. ರೋಗಾಣುಗಳು ಕಿಕ್ಕಿರಿದಿದ್ದವು. ಇನ್ನು ತಟ್ಟೆಗೆ ಹಚ್ಚಬೇಕು, ಆದರೆ ಕೆಳಗಿದ್ದ ಪೊಟ್ಟಣಗಳು ಮುಗಿದಿದ್ದವು. ಹೊಸವು ಕೋಣೆಯ ಮೇಲಿನ ಹಲಗೆಯಲ್ಲಿ, ಸ್ಟೂಲು ಹತ್ತಿ ಇಳಿಸಬೇಕು. ಅಂದು ನಾದಿನಿಯ ಮನೆಯಲ್ಲಿ ತೊಟ್ಟಿಲ ಶಾಸ್ತ್ರ. ಆಗಲೇ ಎರಡು ಸಲ ಫೋನು ಬಂದಿತ್ತು. ನಾಳೆ ಹಚ್ಚಿದರಾಯಿತು ಎಂದು ಮೂತ್ರದ ಬಾಟಲಿಗಳ ಪಕ್ಕದಲ್ಲಿ ಸಿರಿಂಜನ್ನೂ ಫ್ರಿಜ್ಜಿಗೆ ನೂಕಿ ಹೊರಟುಬಿಟ್ಟೆ. ಇಪ್ಪತ್ತೆರಡು ವರ್ಷದ ಅನುಭವ ನನ್ನದು! ಥೂ!

ಮರುದಿನ ಹಚ್ಚಿದ ತಟ್ಟೆಯಲ್ಲಿ ಮೂರು ದಿನವಾದರೂ ಒಂದು ಚುಕ್ಕೆ ಏಳಲಿಲ್ಲ. ಲ್ಯಾಬಿನ ಯಜಮಾನತಿ ಡಾಕ್ಟರ್ ಕೇತಕಿ ಕೇಳಿದರು, “ಗಾಜಿನ ಮ್ಯಾಲ ಅಷ್ಟು ಕಂಡಾವ, ತಟ್ಟ್ಯಾಗ ಒಂದೂ ಇಲ್ಲ. ಹ್ಯಾಂಗ?”

ನನ್ನ ನಾಲಿಗೆ ತಾನೇ ಹೊರಳಿತು. “ಚಾಂದಭಾಯಿ ದಾರ್ಯಾಗ ಎಲ್ಲರೆ ಥಂಡ್ಯಾಗ ಇಟ್ಟ ಕುಂತಿರಬೇಕ್ರಿ.”

ಅವನನ್ನು ಕರೆಸಿದರು. ಅವನು ನನ್ನ ಕಡೆ ಒಮ್ಮೆ ನೋಡಿದ. “ನಾ ಎಲ್ಲೂ ಇಟ್ಟಿಲ್ರಿ ಮೇಡಂ” ಎಂದಷ್ಟೇ ಹೇಳಿದ. ಕೇತಕಿ ಅವರು ಚೀಲ ಇಸಿದುಕೊಂಡು, ತಿಂಗಳು ಮುಗಿಯುವತನಕ ಬಾಟಲಿ ತೊಳಿ, ಆಮೇಲೆ ಬೇರೆ ಕೆಲಸ ನೋಡಿಕೋ ಅಂದರು. ನಾನು ಬೇರೆ ತಟ್ಟೆಗಳ ಮೇಲೆ ಹೆಸರು ಬರೆಯುತ್ತ ಕೂತೆ.

ಎರಡನೇ ಸ್ಯಾಂಪಲ್ ತರಲು ಭಾಲ್ಕಿಗೆ ನನ್ನನ್ನೇ ಕಳಿಸಿದರು. ಅಂಬೂಬಾಯಿಯ ಬಾವು ಆಗಲೇ ದವಡೆಯ ಕೆಳಗೂ ಹಬ್ಬಿತ್ತು. ಮತ್ತೆ ಸೂಜಿ ಎಂದಾಗ ಆಕೆಯ ಕಣ್ಣಲ್ಲಿ ನೀರಾಡಿತು, ಆದರೂ ಸುಮ್ಮನೆ ಕೂತರು. ಮಕರಂದ ಸ್ಯಾಂಪಲ್ ಎಳೆದುಕೊಂಡು, ಉಳಿದ ಕೀವನ್ನೂ ಕೊಯ್ದು ಹೊರಗೆ ಬಿಟ್ಟರು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡೇ ಆಕೆ ಕೇಳಿದರು:

“ಆ ಭಾಯಿ ಯಾಕ ಬಂದಿಲ್ರಿ ಅಕ್ಕಾ? ನನ್ನ ಬಾಯಿ ನಾತಕ್ಕ ಮನ್ಯಾಗಿನ ಮಂದಿನೇ ದೂರ ಕೂಡ್ತಾರ. ಅಂವಾ ಪಾಪ, ಈ ಹೊಲಸ ತನ್ನ ಹೊಟ್ಟಿಗಿ ಕಟ್ಕೊಂಡ ಹೋದ.”

ನೆಲ ಬಾಯಿ ಬಿಡಬಾರದೇ ಅನಿಸಿತು. ಡಬ್ಬಿ ಎತ್ತಿಕೊಂಡು ಹೊರಬಂದೆ. ಬಸ್ಸಿನಲ್ಲಿ ಡಬ್ಬಿಯನ್ನು ಸೆರಗಿನೊಳಗೆ ಹೊಟ್ಟೆಗೆ ಒತ್ತಿ ಹಿಡಿದು ಕೂತೆ, ಬೀದರ ಬರುವತನಕ ಕೈ ತೆಗೆಯಲಿಲ್ಲ.

ಲ್ಯಾಬಿಗೆ ಬಂದರೆ ಮೇಜಿನ ಮೇಲೆ ಜಾರು ಒರೆಸಿ ಇಟ್ಟಿತ್ತು. ಪಕ್ಕದಲ್ಲಿ ಮೇಲಿನ ಹಲಗೆಯಿಂದ ಇಳಿಸಿದ ಹೊಸ ಪೊಟ್ಟಣ. ಸಿಂಕಿನ ಮುಂದೆ ಚಾಂದ ಪಾಶಾ ಬಾಟಲಿ ತೊಳೆಯುತ್ತಿದ್ದ. ತಿರುಗದೆಯೇ ಅಂದ, “ಅಕ್ಕಾರ, ಇವತ್ತರೆ ಫ್ರಿಜ್ಜಿನಾಗ ಇಡಬ್ಯಾಡ್ರಿ.”

ಡಬ್ಬಿಯನ್ನು ಮೇಜಿನ ಮೇಲಿಟ್ಟೆ. “ನಿನಗ... ಗೊತ್ತಿತ್ತಾ?”

“ದಿನಾ ಸಂಜಿಗಿ ಫ್ರಿಜ್ ಒರಸಾಂವ ನಾನೇ ಅಲ್ಲೇನ್ರಿ, ಅವತ್ತ ಸಿರಿಂಜ್ ಕಂಡಿತ್ತು. ಏನರೆ ಕಾರಣಕ್ಕ ನೀವೇ ಇಟ್ಟೀರಿ ಅಂತ ತಿಳಕೊಂಡ್ನಿ.”

“ಮತ್ತ ಮೇಡಂ ಮುಂದ ಯಾಕ ಹೇಳ್ಲಿಲ್ಲ ಮಾರಾಯಾ!”

“ನೀವೇ ಹೇಳ್ತೀರಿ ಅಂತ ಕಾದ್ನಿ ರೀ” ಅಂದ. ದನಿಯಲ್ಲಿ ಸಿಟ್ಟೂ ಇರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ತಟ್ಟೆಗೆ ಹಚ್ಚಿ, ಜಾರು ಮುಚ್ಚಿ, ನೇರ ಕೇತಕಿ ಅವರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಬೈದರು, ಬೈಯಬೇಕಾದ್ದೇ. ಹಳೆಯ ರಿಪೋರ್ಟಿನ ಮೇಲೆ ‘ಸ್ಯಾಂಪಲ್ ಕೆಟ್ಟದ್ದು ಲ್ಯಾಬಿನಲ್ಲಿ, ನನ್ನ ತಪ್ಪಿನಿಂದ’ ಎಂದು ನನ್ನ ಕೈಯಿಂದಲೇ ಬರೆಸಿ ಸಹಿ ಹಾಕಿಸಿಕೊಂಡರು. ಚೀಲವನ್ನು ಎಲ್ಲರೆದುರು ನಾನೇ ಅವನ ಹೆಗಲಿಗೆ ಹಾಕಿದೆ.

ಐದನೇ ದಿನ ತಟ್ಟೆಯಲ್ಲಿ ಕಪ್ಪು ಚುಕ್ಕೆಗಳು ಎದ್ದವು. ಹೆಸರು ಗುರುತಿಸಿ ಕಳಿಸಿದೆವು, ಮಕರಂದ ಔಷಧಿ ಬದಲಿಸಿದರು. ಅಂಬೂಬಾಯಿ ಈಗ ರೊಟ್ಟಿ ತಿನ್ನುತ್ತಾರಂತೆ.

ಚಾಂದ ಪಾಶಾ ಈಗಲೂ ಭಾಲ್ಕಿಯಿಂದ, ಔರಾದದಿಂದ ಹಾಗೆಯೇ ಹೊಟ್ಟೆಗೆ ಕಟ್ಟಿಕೊಂಡು ತರುತ್ತಾನೆ. ಎಷ್ಟು ತಿಂಗಳು ಎಂದು ಕೇಳುವ ಧೈರ್ಯ ನನಗಿಲ್ಲ. ಮೊದಲೆಲ್ಲ ಡಬ್ಬಿ ಕೊಟ್ಟವನೇ ಚಹಾಕ್ಕೆ ಹೋಗುತ್ತಿದ್ದ. ಈಗ ನಾನು ಜಾರಿನ ಮುಚ್ಚಳ ಬಿಗಿಯುವತನಕ ನನ್ನ ಪಕ್ಕದಲ್ಲೇ ಸುಮ್ಮನೆ ನಿಂತಿರುತ್ತಾನೆ. ಹೋಗು ಎಂದು ನಾನೂ ಹೇಳುವುದಿಲ್ಲ.