ಅಟ್ಟದ ಮೇಲಿನ ಕೊಬ್ಬರಿ ಚೂರು

ಇಲಿ ಪಾಷಾಣ ಇಡುವವರು ಅದನ್ನು ಬಾಯಿಬಿಟ್ಟು ಹೇಳಬಾರದು. ಹೇಳಿದರೆ ಇಲಿಗಳು ಕೇಳಿಸಿಕೊಂಡು ಪೆಟ್ಟಿಗೆಯಲ್ಲಿರುವ ಸೀರೆಗಳನ್ನೆಲ್ಲ ಕಡಿದು ಹಾಕುತ್ತವಂತೆ. ಅಕ್ಕಿಹೆಬ್ಬಾಳಿನ ನಮ್ಮ ಮನೆಯಲ್ಲಿ ಇದು ನನ್ನ ಅತ್ತೆಯ ಕಾನೂನು. ನಾನೋ ಕೆ.ಆರ್. ಪೇಟೆಯ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು. ಆದರೂ ಅತ್ತೆ ಅಟ್ಟದ ಕಡೆ ಕಣ್ಸನ್ನೆ ಮಾಡಿದ ಮಾರನೆಯ ದಿನ ಅಂಗಡಿಯಲ್ಲಿ "ಆ ಸಾಮಾನು ಕೊಡಿ" ಅಂತ ಪಿಸುಗುಟ್ಟಿ, ಪೊಟ್ಟಣ ತಂದು ಅವರ ಕೈಗಿಟ್ಟೆ. ನನ್ನ ಓದಿಗಿಷ್ಟು ಬೆಂಕಿ ಹಾಕ.

ಆ ವಾರ ತರಗತಿಯಲ್ಲಿ ದಂಶಕಗಳ ವಂಶವೃಕ್ಷ ಬರೆಸುತ್ತಿದ್ದೆ. ಇಲಿ, ಹೆಗ್ಗಣ ಒಂದು ಕೊಂಬೆ, ಅಳಿಲು ಇನ್ನೊಂದು. ಚಳಿಗಾಲವೆಲ್ಲ ನಿದ್ದೆ ಹೊಡೆಯುವ ಯುರೋಪಿನ ಡಾರ್‌ಮೌಸ್ ಹೆಸರಿಗೆ ಇಲಿ, ನೆಂಟಸ್ತನ ಮಾತ್ರ ಅಳಿಲಿಗೆ ಹತ್ತಿರ. ನಮ್ಮ ಪಶ್ಚಿಮಘಟ್ಟದಲ್ಲಿ ಮೆಣಸು ತಿನ್ನುವ ಒಂದು ಪ್ರಾಣಿಗೂ ಅದೇ ಹೆಸರು, ಅದು ಇಲಿಯ ಕಡೆಯದು. ಹೆಸರು ನಂಬಬೇಡಿ, ಹಲ್ಲು ನೋಡಿ, ಬುಡ ಎಲ್ಲಕ್ಕೂ ಒಂದೇ ಅಂತ ಗಂಟಲು ಹರಿದುಕೊಂಡೆ.

ಮನೆಯಲ್ಲಿ ಎಂಟು ವರ್ಷದ ಮಗಳು, ಗೂಡಿನಿಂದ ಬಿದ್ದ ಅಳಿಲು ಮರಿಗೆ ಹತ್ತಿಯಲ್ಲಿ ಹಾಲು ಕುಡಿಸಿ ಸಾಕಿದ್ದಳು. ಭಾನುವಾರ ಅವಳಿಗೆ ಅಟ್ಟದ ಅಂಚಿನಲ್ಲಿ ಒಂದು ಕೊಬ್ಬರಿ ಚೂರು ಸಿಕ್ಕಿತು. ಅಜ್ಜಿ ಬಚ್ಚಿಟ್ಟಿದ್ದಾಳೆ ಅಂದುಕೊಂಡು ಅದನ್ನು ಮರಿಗೆ ತಿನ್ನಿಸಿದಳು. ಸಂಜೆಯ ಹೊತ್ತಿಗೆ ಅದು ಅವಳ ಮಡಿಲಲ್ಲೇ ಸತ್ತಿತು.

ನನಗೆ ಮೈಯೆಲ್ಲ ಉರಿದುಹೋಯಿತು. ಹಿರಿಯರು ಅನ್ನುವುದನ್ನೂ ನೋಡದೆ ಅತ್ತೆಗೆ ಬಾಯಿಗೆ ಬಂದದ್ದು ಅಂದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು.

"ನಾನು ಮಡಗಿದ್ದು ಇಲಿಗೆ ಕನವ್ವ. ಅಳಿಲು ರಾಮದೇವ್ರುದು, ಅದುಕ್ಕೇನೂ ಆಗಕಿಲ್ಲ ಅನ್ಕಂಡಿದ್ದೆ."

ಬೆನ್ನಿನ ಮೇಲಿನ ಗೆರೆ ನೋಡಿ ವಿಷ ಸುಮ್ಮನಾಗುತ್ತದೆಯೇ ಅಂತ ಇನ್ನಷ್ಟು ಕೂಗಾಡಿದೆ. ಮನೆಯಲ್ಲಿ ಮಗು ಇದೆ, ಒಂದು ಮಾತು ಹೇಳಿದ್ದರೆ ನಿಮ್ಮ ಸೀರೆ ಹೋಗುತ್ತಿತ್ತೇ ಅಂದೆ. ನಾನೂ ಹೇಳಿರಲಿಲ್ಲ ಅನ್ನುವುದು ಆ ಕೂಗಾಟದಲ್ಲಿ ನನಗೇ ಕೇಳಿಸಲಿಲ್ಲ.

ಮಗಳಿಗೆ ಕೇಳಿಸಿತ್ತು. ಅಟ್ಟದ ಮೇಲೆ ವಿಷ ಇರುವುದು ನಿನಗೂ ಗೊತ್ತಿತ್ತಾ ಅಂತ ಕೇಳಿದಳು. ಹೂಂ ಅಂದೆ. ಅವಳು ಮಡಿಲಲ್ಲಿದ್ದ ಮರಿಯ ಬಾಲ ಸವರಿದಳು.

"ನಂಗೂ ತಿನ್ನೋ ಆಸೆ ಆಗಿತ್ತಮ್ಮ. ಒಂದೇ ಚೂರಿತ್ತು, ಮರಿಗೇ ಕೊಟ್ಬುಟ್ಟೆ."