ಎರಡನೆಯ ತುತ್ತು

ವಾದಿರಾಜ ಮಾಸ್ತರ ಪಕ್ಕ ಊಟಕ್ಕೆ ಕೂತರೆ ಮೊದಲ ತುತ್ತು ನಿಮ್ಮ ಕೈಯದಾಗಿರುತ್ತಿರಲಿಲ್ಲ. ಅವರು ತಮ್ಮ ತಟ್ಟೆಯ ಅನ್ನ ಸಾರು ಕಲೆಸಿ, ಉಂಡೆ ಕಟ್ಟಿ, ನೇರ ನಿಮ್ಮ ಬಾಯಿಗೇ ಹಿಡಿಯುತ್ತಿದ್ದರು. ನಾನಾಗ ಡಲ್ಲಾಸಿನಲ್ಲಿ ಎಂ.ಎಸ್. ಓದುತ್ತಿದ್ದೆ. ಶನಿವಾರ ಬಂತೆಂದರೆ ಮನೆಯೂಟದ ಆಸೆಗೆ ಹತ್ತಿರದ ಫ್ರಿಸ್ಕೋದಲ್ಲಿದ್ದ ಅವರ ಮಗಳು ಸುಧಾ ಆಂಟಿಯ ಮನೆಗೆ ಹೋಗುತ್ತಿದ್ದೆ. ಮಾಸ್ತರು ಮಗಳ ಜೊತೆಗೇ ಇದ್ದರು. ಮೊದಲ ದಿನ ತಬ್ಬಿಬ್ಬಾಗಿ ಬಾಯಿ ತೆರೆದೆ. ನುಂಗುವಷ್ಟರಲ್ಲಿ ಇನ್ನೊಂದು ಬಂತು.

"ಒಂದ ತುತ್ತು ತಿಂದ್ರ ಜಗಳ ಆಗ್ತದ ತಂಗಿ. ಎರಡನೇದು ತಗೋ."

ಈ ಪದ್ಧತಿ ಅವರ ಧಾರವಾಡದ್ದಲ್ಲ, ಇಥಿಯೋಪಿಯಾದ್ದು. ಹರೆಯದಲ್ಲಿ ಅವರು ಅಲ್ಲಿನ ಗುಡ್ಡದ ಹಳ್ಳಿಯೊಂದರಲ್ಲಿ ಗಣಿತದ ಮೇಷ್ಟರಾಗಿದ್ದರು. ಹೋದ ದಿನವೇ, ಇರಲು ಕೋಣೆ ಕೊಟ್ಟ ಆಲ್ಮಾಜ್ ಎಂಬ ಮುದುಕಿ ಹುಳಿದೋಸೆಯಂಥ ಇಂಜೆರಾ ಹರಿದು, ಬೇಳೆ ಸುತ್ತಿ ಬಾಯಿಗೆ ಹಿಡಿದಳಂತೆ. ಇವರೋ ಮಡಿ ಮನೆತನದವರು. ಎಂಜಲೆಂದು ತುಟಿ ಬಿಗಿದು ಕೂತರು.

"ಆಕಿ ಸಿಟ್ಟಾಗಲಿಲ್ಲ, ಅತ್ತಳು. ನನ್ನ ಮನ್ಯಾಗ ಇರ್ತಿ, ನನ್ನ ಕೈ ಒಲ್ಲೆ ಅಂತಿ, ಹೆಂಗ ಅಂದ್ಲು."

ಮುಂದೆ ಜ್ವರ ಬಂದು ಮಲಗಿದಾಗ ಅದೇ ಕೈ ಗಂಜಿ ಕುಡಿಸಿ ಬದುಕಿಸಿತು. ವರ್ಷಗಳ ನಂತರ ಊರು ಬಿಡುವಾಗ ಆಲ್ಮಾಜ್ ಬಸ್ಸಿನ ಕಿಟಕಿಯೊಳಗೆ ಕೈ ಚಾಚಿ ತುತ್ತಿಟ್ಟಳು. ಅಷ್ಟರಲ್ಲಿ ಬಸ್ಸು ಹೊರಟುಬಿಟ್ಟಿತು. ಎರಡನೆಯದು ಅವಳ ಕೈಯಲ್ಲೇ ಉಳಿಯಿತು. ಇದನ್ನು ಹೇಳುವಾಗ ಮಾಸ್ತರು ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಅಳಿಯನ ಮ್ಯಾನೇಜರ್, ಬಾಗಿಲಿಗೆ ತಲೆ ತಾಗುವಂಥ ಟೆಕ್ಸಾಸಿನವ, ಊಟಕ್ಕೆ ಬಂದ ದಿನವೂ ಇದೇ ಉಪಚಾರ. ಅಳಿಯನ ಮುಖ ಸುಣ್ಣವಾಯಿತು. ಆ ಪುಣ್ಯಾತ್ಮನಾದರೋ ಎರಡೂ ನುಂಗಿ ಮೂರನೆಯದಕ್ಕೆ ಬಾಯಿ ತೆರೆದ.

ತೆರೆಯದವಳು ಮೊಮ್ಮಗಳು ನಿಧಿ ಒಬ್ಬಳೇ. "ನೋ ಅಜ್ಜ, ಜರ್ಮ್ಸ್" ಎಂದು ತಟ್ಟೆ ಎತ್ತಿಕೊಂಡು ಟಿವಿಯ ಮುಂದೆ ಹೋಗುತ್ತಿದ್ದಳು. ಆ ತುತ್ತನ್ನು ಮಾಸ್ತರು ತಾವೇ ತಿನ್ನುತ್ತಿದ್ದರು.

"ನನ್ನ ಮೊಮ್ಮಗಳ ಅಲ್ಲೇನು? ನಾನೂ ಹಿಂಗ ಮಾಡಿದ್ದೆ" ಎಂದು ನಗುವರು. ಆದರೂ ಮುಂದಿನ ಶನಿವಾರ ಮೊದಲ ಉಂಡೆ ಅವಳತ್ತಲೇ ಹೋಗುತ್ತಿತ್ತು. ನೋಡುವ ನನಗೇ ಸಂಕಟವಾಗುತ್ತಿತ್ತು.

ಕೊನೆಗೆ ಪಾರ್ಶ್ವವಾಯು ಬಡಿದು ಅವರ ಬಲಗೈ ಬಿದ್ದುಹೋಯಿತು. ಮಾತೂ ನಿಂತಿತು. ನಾನು ಆಸ್ಪತ್ರೆಗೆ ಹೋದಾಗ ಸುಧಾ ಆಂಟಿ ಚಮಚದಲ್ಲಿ ಮೊಸರನ್ನ ಹಿಡಿದು, "ಅಪ್ಪಾ, ಒಂದೀಟು ತಿನ್ರಿ" ಎಂದು ಗೋಗರೆಯುತ್ತಿದ್ದರು. ಮಾಸ್ತರು ತುಟಿ ಬಿಗಿದಿದ್ದರು. ಮೂಲೆಯಲ್ಲಿದ್ದ ನಿಧಿ ಬಂದು ಮಂಚ ಹತ್ತಿ ಕೂತಳು. "ಮಿ ಫಸ್ಟ್, ಅಜ್ಜ" ಎಂದು ಬಾಯಿ ತೆರೆದಳು.

ಮಾಸ್ತರು ಅವಳನ್ನೇ ನೋಡಿದರು. ಎಡಗೈಯನ್ನು ಬಟ್ಟಲಿಗೆ ಹಾಕಿ ತುತ್ತೆತ್ತಿದರು. ಅರ್ಧ ಹೊದಿಕೆಯ ಮೇಲೆ ಚೆಲ್ಲಿತು, ಉಳಿದರ್ಧ ಅವಳ ಬಾಯಿ ಸೇರಿತು. ಅವರನ್ನು ನಾನು ನೋಡಿದ್ದು ಅಂದೇ ಕೊನೆ.

ಎರಡನೆಯದಕ್ಕೆ ಕೈ ಏಳಲಿಲ್ಲ. ನಿಧಿ ಬಾಯಿ ತೆರೆದುಕೊಂಡೇ ಕೂತಿದ್ದಳು.